ಪದವೀಧರನಿಗೆ ಸೇನೆ: ಬಾಳಿನ ವೃತ್ತಿಯೋ, ಹತ್ತು ವರ್ಷದ ಸೇವೆಯೋ?

ಮಡಿಕೇರಿಯಲ್ಲಿ ಹೈಸ್ಕೂಲು ಮುಗಿಸಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದ್ದ ಕೊಡಗಿನ ಹುಡುಗನೊಬ್ಬನಿಗೆ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಒಂದು ಸುದ್ದಿ ತಲುಪಿತು. ಭಾರತೀಯರಿಗೂ ಸೇನಾಧಿಕಾರಿ ಹುದ್ದೆ ಕೊಡುತ್ತಾರಂತೆ. ಅರ್ಜಿ ಹಾಕಿದ, ಇಂದೋರಿನ ಡೇಲಿ ಕಾಲೇಜಿನಲ್ಲಿ ತೆರೆದಿದ್ದ ಕೆಡೆಟ್ ಶಾಲೆಯ ಮೊದಲ ತಂಡದಲ್ಲಿ ಜಾಗ ಸಿಕ್ಕಿತು. 1949ರ ಜನವರಿ 15ರಂದು ಆತ, ಅಂದರೆ ಜನರಲ್ ಕೆ.ಎಂ. ಕಾರ್ಯಪ್ಪ, ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಆ ದಿನವನ್ನೇ ನಾವು ಇವತ್ತಿಗೂ ಸೇನಾ ದಿನವೆಂದು ಆಚರಿಸುತ್ತೇವೆ.

ಹಾಸನ ಜಿಲ್ಲೆಯ ಗೊರೂರಿನ ಇನ್ನೊಬ್ಬ ಹುಡುಗ ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ, ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ದಾಟಿ, 1971ರ ಯುದ್ಧವನ್ನೂ ಕಂಡು, ಕ್ಯಾಪ್ಟನ್ ಆಗಿದ್ದಾಗಲೇ ಸೇನೆ ಬಿಟ್ಟು ಊರಿಗೆ ಬಂದು ಬೇಸಾಯಕ್ಕೆ ಇಳಿದರು. 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದ ಕ್ಯಾಪ್ಟನ್ ಗೋಪಿನಾಥ್ ಅವರೇ. ಒಬ್ಬರಿಗೆ ಸೇನೆ ಇಡೀ ಬಾಳು, ಇನ್ನೊಬ್ಬರಿಗೆ ಬಾಳಿನ ಮೊದಲ ಅಧ್ಯಾಯ. ಇಬ್ಬರ ಬದುಕೂ ಸಾರ್ಥಕವೇ.

ಈಗ ಬಿ.ಎ., ಬಿ.ಎಸ್ಸಿ., ಬಿ.ಕಾಂ., ಬಿ.ಇ. ಮುಗಿಸಿ ಅಂಕಪಟ್ಟಿ ಕೈಯಲ್ಲಿ ಹಿಡಿದು ನಿಂತ ಹುಡುಗ ಹುಡುಗಿಯರ ಮುಂದೆ ಇದೇ ಪ್ರಶ್ನೆ ಇದೆ. ಸೇನೆಗೆ ಹೋದರೆ ಎಷ್ಟು ಕಾಲಕ್ಕೆ? ಅಲ್ಲಿಂದ ಹೊರಬಂದ ಮೇಲೆ ಏನು? ಬೆಳಗಾವಿಯ ಕಡೆ ಮಗ ಮಿಲ್ಟ್ರಿಯ ಮಾತೆತ್ತಿದರೆ ಅಪ್ಪ ಮೊದಲು ಕೇಳುವುದು, “ಪೆನ್ಶನ್ ಬರ್ತೈತೇನಪಾ?” ಎಂದು. ನೂರು ವರ್ಷಗಳ ಸೇನಾ ನೀತಿಯ ಚರ್ಚೆಯೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ.

ಕರೆದಾಗ ಬಂದವರು

1857ರ ನಂತರ ಬ್ರಿಟಿಷರು ‘ಯೋಧ ಜನಾಂಗ’ ಎಂಬ ಸಿದ್ಧಾಂತವನ್ನು ಹಿಡಿದುಕೊಂಡರು. ಪಂಜಾಬು, ನೇಪಾಳ, ವಾಯವ್ಯದ ಗುಡ್ಡಗಾಡಿನವರು ಹೋರಾಟಕ್ಕೆ ಹುಟ್ಟಿದವರು, ದಕ್ಷಿಣದವರು ಅಲ್ಲ ಎಂಬುದು ಅದರ ತಿರುಳು. ಓದಿದವರ ಮೇಲಂತೂ ಅವರಿಗೆ ನಂಬಿಕೆಯೇ ಇರಲಿಲ್ಲ. 1918ರಿಂದ ಸ್ಯಾಂಡ್‌ಹರ್ಸ್ಟ್‌ನಲ್ಲಿ ಭಾರತೀಯರಿಗೆ ವರ್ಷಕ್ಕೆ ಹತ್ತು ಸ್ಥಾನ ಕೊಟ್ಟರು. ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಅಧಿಕಾರಿಯಾದದ್ದು ಆ ಕಿಂಡಿಯಿಂದಲೇ. ಇಲ್ಲೇ ಒಂದು ಅಕಾಡೆಮಿ ಬೇಕೆಂಬ ಒತ್ತಾಯ ಶಾಸನಸಭೆಯಲ್ಲಿ ಬೆಳೆಯುತ್ತಾ ಹೋಗಿ, 1932ರಲ್ಲಿ ಡೆಹ್ರಾಡೂನ್‌ನಲ್ಲಿ ಭಾರತೀಯ ಸೇನಾ ಅಕಾಡೆಮಿ ತೆರೆಯಿತು.

ಪದವೀಧರರ ಪಾಲಿಗೆ ಬಾಗಿಲು ಅಗಲವಾಗಿ ತೆರೆದದ್ದು ಯುದ್ಧ ಬಂದಾಗ. ಎರಡನೇ ಮಹಾಯುದ್ಧದ ಮೊದಲಿಗೆ ನಾನೂರರ ಆಸುಪಾಸಿನಲ್ಲಿದ್ದ ಭಾರತೀಯ ಅಧಿಕಾರಿಗಳ ಸಂಖ್ಯೆ ಯುದ್ಧ ಮುಗಿಯುವಾಗ ಎಂಟು ಸಾವಿರ ದಾಟಿತ್ತು. ಬಹುಪಾಲು ತುರ್ತು ನೇಮಕ. ಕಾಲೇಜಿನಿಂದ ಬಂದರು, ಬರ್ಮಾದಲ್ಲೂ ಇಟಲಿಯಲ್ಲೂ ಕಾದಾಡಿದರು. ಯುದ್ಧ ಮುಗಿದ ಮೇಲೆ ಹೆಚ್ಚಿನವರನ್ನು ಮನೆಗೆ ಕಳಿಸಲಾಯಿತು.

ಅದೇ ಕಥೆ 1962ರ ಚೀನಾ ಯುದ್ಧದ ನಂತರ ಮರುಕಳಿಸಿತು. ಮತ್ತೆ ತುರ್ತು ನೇಮಕ, ಮತ್ತೆ ಕಾಲೇಜುಗಳಿಗೆ ಕರೆ. ಪುಣೆ ಮತ್ತು ಮದರಾಸಿನಲ್ಲಿ 1963ರಲ್ಲಿ ಅಧಿಕಾರಿಗಳ ತರಬೇತಿ ಶಾಲೆಗಳು ಎದ್ದವು. ಮದರಾಸಿನ ಸೇಂಟ್ ಥಾಮಸ್ ಮೌಂಟ್‌ನ ಶಾಲೆಯೇ ಇಂದಿನ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ, ಅಂದರೆ ಓಟಿಎ. 1965ರಿಂದ ತುರ್ತು ನೇಮಕದ ಜಾಗಕ್ಕೆ ‘ಶಾರ್ಟ್ ಸರ್ವಿಸ್ ಕಮಿಷನ್’ ಬಂತು.

ಇಲ್ಲೊಂದು ಸಂಗತಿ ನಾವು ಮರೆತೇಬಿಟ್ಟಿರುವಂಥದ್ದು. ಅರವತ್ತರ ದಶಕದ ಕೊನೆಯಲ್ಲಿ ಬಿಡುಗಡೆಯಾದ ಆ ತುರ್ತು ಅಧಿಕಾರಿಗಳಿಗಾಗಿ ಸರ್ಕಾರ ಐಎಎಸ್, ಐಪಿಎಸ್‌ನಂಥ ಸೇವೆಗಳಲ್ಲೇ ಕೆಲವು ಸ್ಥಾನ ತೆಗೆದಿಟ್ಟು, ಬೇರೆಯೇ ಪರೀಕ್ಷೆ ನಡೆಸಿತ್ತು. ಕರೆದವರು ಕಳಿಸುವಾಗಲೂ ಒಂದು ದಾರಿ ತೋರಿಸಿದ್ದರು. ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಪೂರ್ವನಿದರ್ಶನ ಬೇರೊಂದಿಲ್ಲ.

ಇಂದು ಇರುವ ದಾರಿಗಳು

ಹೆಚ್ಚಿನ ಪದವಿ ಕಾಲೇಜುಗಳಲ್ಲಿ ಈ ಮಾಹಿತಿ ನೋಟಿಸ್ ಬೋರ್ಡಿನವರೆಗೂ ಬರುವುದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮುಖ್ಯ ದಾರಿ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುವ ಸಿಡಿಎಸ್ (ಕಂಬೈನ್ಡ್ ಡಿಫೆನ್ಸ್ ಸರ್ವಿಸಸ್) ಪರೀಕ್ಷೆ. ಡೆಹ್ರಾಡೂನ್‌ಗೂ ಓಟಿಎಗೂ ಯಾವ ಪದವಿಯಾದರೂ ಸಾಕು. ಕೇರಳದ ಏಳಿಮಲದಲ್ಲಿರುವ ನೌಕಾ ಅಕಾಡೆಮಿಗೆ ಎಂಜಿನಿಯರಿಂಗ್ ಪದವಿ ಬೇಕು. ಹೈದರಾಬಾದಿನ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು, ಇಲ್ಲವೇ ಬಿ.ಇ. ಆಗಿರಬೇಕು. ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ ಮೂರು ಪತ್ರಿಕೆ. ಓಟಿಎ ಮಾತ್ರ ಬಯಸುವವರಿಗೆ ಗಣಿತವಿಲ್ಲ, ಆದ್ದರಿಂದ ಕಲಾ ವಿಭಾಗದವರು ಗಣಿತಕ್ಕೆ ಹೆದರಿ ಹಿಂದೆ ಸರಿಯಬೇಕಾಗಿಲ್ಲ.

ಪರೀಕ್ಷೆಯೇ ಇಲ್ಲದ ದಾರಿಗಳೂ ಇವೆ. ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟನ್ನು ಕನಿಷ್ಠ ‘ಬಿ’ ಶ್ರೇಣಿಯಲ್ಲಿ ಪಡೆದು, ಪದವಿಯಲ್ಲಿ ಶೇ 50 ಅಂಕವಿದ್ದವರು ನೇರವಾಗಿ ಸಂದರ್ಶನದ ಹಂತಕ್ಕೆ ಅರ್ಜಿ ಹಾಕಬಹುದು. ಎಂಜಿನಿಯರುಗಳಿಗೆ ಡೆಹ್ರಾಡೂನ್‌ನಲ್ಲಿ ಟಿಜಿಸಿ (ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸ್), ಓಟಿಎಯಲ್ಲಿ ಎಸ್‌ಎಸ್‌ಸಿ ಟೆಕ್ನಿಕಲ್. ಎರಡಕ್ಕೂ ವಯಸ್ಸು 20ರಿಂದ 27. ಕಾನೂನು ಪದವೀಧರರಿಗೆ ಸೇನೆಯ ನ್ಯಾಯ ವಿಭಾಗವಾದ ಜೆಎಜಿ. ವಾಯುಪಡೆಗೆ ತನ್ನದೇ ಎಎಫ್‌ಕ್ಯಾಟ್ ಪರೀಕ್ಷೆ ಇದೆ. ಕರಾವಳಿ ರಕ್ಷಣಾ ಪಡೆಗೆ ಬೇರೆ ಆಯ್ಕೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನ ಅಸಿಸ್ಟೆಂಟ್ ಕಮಾಂಡೆಂಟ್ ಹುದ್ದೆಗೆ ಯುಪಿಎಸ್‌ಸಿಯದೇ ಇನ್ನೊಂದು ಪರೀಕ್ಷೆ. ಅದು ಗೃಹ ಸಚಿವಾಲಯದ ಪಡೆ, ಸೇನೆಯಲ್ಲ. ಬೇರೆ ಉದ್ಯೋಗದಲ್ಲಿದ್ದುಕೊಂಡೇ ಸಮವಸ್ತ್ರ ತೊಡುವ ಆಸೆಯಿದ್ದವರಿಗೆ ಟೆರಿಟೋರಿಯಲ್ ಆರ್ಮಿ 42ರ ವಯಸ್ಸಿನವರೆಗೂ ಅವಕಾಶ ಕೊಡುತ್ತದೆ.

ಲೆಫ್ಟಿನೆಂಟ್‌ನ ಮೂಲ ವೇತನ 56,100 ರೂಪಾಯಿ, ಅದರ ಮೇಲೆ ಸೇನಾ ಸೇವಾ ವೇತನ 15,500, ಜೊತೆಗೆ ಭತ್ಯೆಗಳು. ಡೆಹ್ರಾಡೂನ್‌ನಿಂದ ಬಂದರೆ ಕಾಯಂ ಕಮಿಷನ್. ಓಟಿಎಯಿಂದ ಬಂದರೆ ಹತ್ತು ವರ್ಷ, ಬೇಕಿದ್ದರೆ ಇನ್ನೂ ನಾಲ್ಕು. ಹತ್ತು ವರ್ಷವಾದಾಗ ಕಾಯಂ ಕಮಿಷನ್ ಕೇಳಬಹುದು, ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. ಅಲ್ಪಾವಧಿ ಮುಗಿಸಿ ಹೊರಬಂದವರಿಗೆ ಗ್ರಾಚ್ಯುಟಿ ಉಂಟು, ಪಿಂಚಣಿ ಇಲ್ಲ. ಅಪ್ಪನ ಪ್ರಶ್ನೆಗೆ ನೇರ ಉತ್ತರ ಇದು.

ಬೆಂಗಳೂರಿನ ಐದು ದಿನ

ಲಿಖಿತ ಪರೀಕ್ಷೆ ದಾಟಿದವರು ಎಸ್‌ಎಸ್‌ಬಿ ಎಂಬ ಆಯ್ಕೆ ಮಂಡಳಿಯ ಮುಂದೆ ಐದು ದಿನ ಇರಬೇಕು. ಸೇನೆಯ ಇಂಥ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿದೆ, ವಾಯುಪಡೆಯದೊಂದು ಮೈಸೂರಿನಲ್ಲಿದೆ. ಈ ಪದ್ಧತಿ ಎರಡನೇ ಮಹಾಯುದ್ಧದ ಕಾಲದ್ದು. ವಂಶ, ಶಾಲೆ, ಶಿಫಾರಸು ನೋಡಿ ಅಧಿಕಾರಿಗಳನ್ನು ಆರಿಸುವುದು ಸಾಲದೆಂದು ಮನಶ್ಶಾಸ್ತ್ರಜ್ಞರನ್ನು ಕೂರಿಸಿಕೊಂಡು ಕಟ್ಟಿದ್ದು.

ಮೊದಲ ದಿನವೇ ಎದೆಗೆ ಸಂಖ್ಯೆಯ ಪಟ್ಟಿ ಕಟ್ಟುತ್ತಾರೆ. ಅಲ್ಲಿಂದ ಮುಂದೆ ಹೆಸರಿಲ್ಲ, ಚೆಸ್ಟ್ ನಂಬರ್ ಮಾತ್ರ. ಮಸುಕಾದ ಒಂದು ಚಿತ್ರವನ್ನು ಮೂವತ್ತು ಸೆಕೆಂಡು ತೋರಿಸಿ ನಾಲ್ಕು ನಿಮಿಷದಲ್ಲಿ ಕಥೆ ಬರೆಯಿರಿ ಎನ್ನುತ್ತಾರೆ. ಅನೇಕರ ಪಯಣ ಅವತ್ತೇ ಮುಗಿಯುತ್ತದೆ. ಉಳಿದವರಿಗೆ ಮರುದಿನ ಹನ್ನೆರಡು ಚಿತ್ರ, ಹನ್ನೆರಡನೆಯದು ಬರೀ ಬಿಳಿ ಹಾಳೆ. ಆಮೇಲೆ ಹದಿನೈದು ಸೆಕೆಂಡಿಗೊಂದರಂತೆ ಅರವತ್ತು ಪದ, ಅರ್ಧ ಗಂಟೆಯಲ್ಲಿ ಅರವತ್ತು ಸನ್ನಿವೇಶ.

ಮೈದಾನದ ಆಟ ಬೇರೆ. ಎರಡು ಗೆರೆ, ನಡುವೆ ಮರದ, ಕಬ್ಬಿಣದ ಅಡೆತಡೆಗಳು. ಕೆಂಪು ಬಣ್ಣ ಬಳಿದ ಭಾಗವನ್ನು ಯಾರೂ ಮುಟ್ಟುವ ಹಾಗಿಲ್ಲ. ಕೈಯಲ್ಲೊಂದು ಹಲಗೆ, ಒಂದು ಗಳ, ಒಂದು ಹಗ್ಗ, ಜೊತೆಗೆ ಸಾಗಿಸಬೇಕಾದ ಹೊರೆ. ಎತ್ತಿನ ಗಾಡಿಗೆ ಹುಲ್ಲಿನ ಹೊರೆ ಬಿಗಿದು ಅಭ್ಯಾಸವಿರುವ ಹುಡುಗನಿಗೆ ಗಳಕ್ಕೆ ಹಲಗೆಯನ್ನು ಎಲ್ಲಿ ಕಟ್ಟಬೇಕೆಂದು ನೋಡಿದೊಡನೆ ಹೊಳೆಯುತ್ತದೆ. ಆದರೆ “ಹಗ್ಗ ಇತ್ತ ಕೊಡಿ, ಈ ತುದಿ ಹಿಡಿಯಿರಿ” ಎಂಬುದನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬ ಮುಂದೆ ಬಂದು ಅದೇ ಮಾತನ್ನು ಹೇಳಿಬಿಟ್ಟಿರುತ್ತಾನೆ. ಮಂಡಳಿಯ ಅಧಿಕಾರಿಗಳು ಕೈಯ ಕೆಲಸವನ್ನೂ ನೋಡುತ್ತಾರೆ, ಅದು ನಿಜ. ಆದರೂ ಆ ಎರಡು ಸೆಕೆಂಡಿನ ತಡವರಿಕೆಯಲ್ಲಿ ನಮ್ಮ ಎಷ್ಟೋ ಹುಡುಗರು ಹಿಂದೆ ಬೀಳುತ್ತಾರೆ.

ಕೊನೆಯ ದಿನ ಸಮವಸ್ತ್ರದಲ್ಲಿ ಕುಳಿತ ಇಡೀ ಮಂಡಳಿಯ ಮುಂದೆ ಒಬ್ಬೊಬ್ಬರಾಗಿ ಕೆಲವು ನಿಮಿಷ. ನಂತರ ಆಯ್ಕೆಯಾದವರ ಚೆಸ್ಟ್ ನಂಬರ್ ಕೂಗುತ್ತಾರೆ. ಉಳಿದವರು ಅಂದೇ ರೈಲು ಹತ್ತುತ್ತಾರೆ.

ಸೇನೆ ಎಂದರೆ ಒಂದು ಬಾಳು

ಈಗ ಚರ್ಚೆಗೆ ಬರೋಣ. ಮೊದಲ ಪಂಥದವರ ಪ್ರಕಾರ ಸೇನಾಧಿಕಾರ ವೈದ್ಯವೃತ್ತಿಯಂತೆ ಒಂದು ಪೂರ್ಣ ವೃತ್ತಿ. ಅಮೆರಿಕದ ಸ್ಯಾಮ್ಯುಯೆಲ್ ಹಂಟಿಂಗ್ಟನ್ 1957ರಲ್ಲಿ ಇದಕ್ಕೆ ಶಾಸ್ತ್ರೀಯ ರೂಪ ಕೊಟ್ಟರು: ಪರಿಣತಿ, ಹೊಣೆ, ಒಂದೇ ಬಳಗವೆಂಬ ಭಾವ. ಈ ಮೂರೂ ಬೆಳೆಯಲು ದಶಕಗಳು ಬೇಕು, ಬಂದು ಹೋಗುವವರಿಂದ ಆಗುವ ಕೆಲಸವಲ್ಲ. ನಮ್ಮ ನಿವೃತ್ತ ಅಧಿಕಾರಿಗಳಲ್ಲಿ ಬಹಳ ಮಂದಿ ಈ ಪಂಥದವರು. ಸೈನಿಕ ಪ್ರಾಣ ಕೊಡುವುದು ಸಂಬಳಕ್ಕಲ್ಲ, ತನ್ನ ರೆಜಿಮೆಂಟಿನ ಮರ್ಯಾದೆಗಾಗಿ, ಪಕ್ಕದ ಕಂದಕದಲ್ಲಿರುವ ಗೆಳೆಯನಿಗಾಗಿ ಎನ್ನುತ್ತಾರೆ. ಬೆಳಗಾವಿಯ ಮರಾಠಾ ಲಘು ಪದಾತಿದಳ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನ ಹಳಬರೊಡನೆ ಅರ್ಧ ಗಂಟೆ ಕುಳಿತರೆ ಈ ಮಾತಿನ ತೂಕ ತಿಳಿಯುತ್ತದೆ.

ಯುದ್ಧದ ಹೊತ್ತಿನ ಧೈರ್ಯವನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ. ವಿವರಿಸಲಾಗದ್ದು ಶ್ರೇಣಿಯ ಗೋಪುರವನ್ನು. ಲೆಫ್ಟಿನೆಂಟ್ ಕರ್ನಲ್‌ವರೆಗೆ ಬಡ್ತಿ ವರ್ಷಗಳ ಲೆಕ್ಕದಲ್ಲಿ ಸಿಗುತ್ತದೆ, ಅಲ್ಲಿಂದ ಮೇಲೆ ಆಯ್ಕೆ. ಎಲ್ಲರೂ ಬಾಳಿಡೀ ಉಳಿದರೆ ಮೇಲೆ ಜಾಗವೇ ಇರುವುದಿಲ್ಲ, ನಲವತ್ತು ದಾಟಿದ ಸಮರ್ಥರು ಅಲ್ಲೇ ನಿಂತುಬಿಡುತ್ತಾರೆ.

ಸೇನೆಯೂ ಒಂದು ಉದ್ಯೋಗ

ಎರಡನೆಯ ಪಂಥಕ್ಕೆ ಹೆಸರು ಕೊಟ್ಟವರು ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಮಾಸ್ಕೋಸ್. ಸೇನೆ ‘ಸಂಸ್ಥೆ’ಯಾಗಿದ್ದುದು ‘ಉದ್ಯೋಗ’ವಾಗುತ್ತಿದೆ ಎಂದು 1977ರಲ್ಲಿ ಬರೆದರು. ಅವರು ಅದನ್ನು ಕಳವಳದಿಂದಲೇ ಬರೆದರು. ನಂತರದವರು ಅದನ್ನೇ ನೀತಿಯಾಗಿ ನೋಡಿದರು. ಪದವೀಧರ ಸಂಬಳ, ಊರು, ಹೆಂಡತಿಯ ಉದ್ಯೋಗ, ಮಕ್ಕಳ ಶಾಲೆ ಎಲ್ಲವನ್ನೂ ತೂಗಿ ನೋಡುವುದು ಸಹಜ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಅವನನ್ನು ಕರೆಯುತ್ತಿರುವಾಗ ಸೇನೆಯೂ ಪೈಪೋಟಿಗೆ ಇಳಿಯಬೇಕು.

ನಮ್ಮಲ್ಲಿ ಸೇನಾಧಿಕಾರಿಗಳ ಬಡ್ತಿಯನ್ನು ಪರಿಶೀಲಿಸಿದ ಅಜಯ್ ವಿಕ್ರಮ್ ಸಿಂಗ್ ಸಮಿತಿ ಹೇಳಿದ್ದು ಹೆಚ್ಚುಕಡಿಮೆ ಇದೇ. ಕಾಯಂ ಅಧಿಕಾರಿಗಳು ಕಡಿಮೆ ಇರಲಿ, ಅಲ್ಪಾವಧಿಯವರು ಹೆಚ್ಚಿರಲಿ. ಆಗ ಬಡ್ತಿಯ ಗೋಪುರದಲ್ಲಿ ಗಾಳಿ ಆಡುತ್ತದೆ. ಆ ಶಿಫಾರಸಿನ ಬಡ್ತಿಯ ಭಾಗ 2004ರಲ್ಲಿ ಜಾರಿಯಾಯಿತು. ಅಲ್ಪಾವಧಿಯವರನ್ನು ಹೊರಗಿನ ಬದುಕಿಗೆ ಅಣಿಗೊಳಿಸುವ ಭಾಗ ಮಾತ್ರ ಹಿಂದೆಯೇ ಉಳಿಯಿತು. ಸೇನೆಯಲ್ಲಿ ಎಂಟು ಸಾವಿರದಷ್ಟು ಅಧಿಕಾರಿಗಳ ಕೊರತೆಯಿದೆ ಎಂದು 2023ರಲ್ಲಿ ಸರ್ಕಾರವೇ ಸಂಸತ್ತಿಗೆ ಹೇಳಿತು. ಮೂವತ್ತಮೂರು, ಮೂವತ್ತನಾಲ್ಕರಲ್ಲಿ ಪಿಂಚಣಿಯಿಲ್ಲದೆ ಹೊರಬಂದು ಹೊಸದಾಗಿ ಕೆಲಸ ಹುಡುಕಬೇಕೆಂದರೆ ಜಾಣ ಹುಡುಗರು ಎರಡು ಸಲ ಯೋಚಿಸುತ್ತಾರೆ. ಈ ಕೊರತೆಗೆ ದೇಶಪ್ರೇಮ ಕಡಿಮೆಯಾಗಿದ್ದೇ ಕಾರಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಎಳೆಯ ಸೇನೆ ಬೇಕೆನ್ನುವವರು

ಮೂರನೆಯ ಪಂಥದ ಬೇರು ಕಾರ್ಗಿಲ್ ಯುದ್ಧದಲ್ಲಿದೆ. ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಪರಿಶೀಲನಾ ಸಮಿತಿ, ಸೈನಿಕರ ಸೇವಾವಧಿಯನ್ನು 17 ವರ್ಷದಿಂದ ಏಳರಿಂದ ಹತ್ತು ವರ್ಷಕ್ಕೆ ಇಳಿಸಿ, ನಂತರ ಅವರನ್ನು ಅರೆಸೇನಾ ಪಡೆಗಳಿಗೆ ಕಳಿಸಬೇಕೆಂದಿತು. ಹದಿನೈದು ಸಾವಿರ ಅಡಿಯ ಮೇಲೆ ಹತ್ತಿ ಹೋರಾಡಲು ಎಳೆಯ ಮೈ ಬೇಕು ಎಂಬುದು ಸರಳ ತರ್ಕ. ಹಣದ ಲೆಕ್ಕವೂ ಇದರೊಡನೆ ಸೇರಿಕೊಂಡಿತು: 2022–23ರ 5.25 ಲಕ್ಷ ಕೋಟಿಯ ರಕ್ಷಣಾ ಬಜೆಟ್ಟಿನಲ್ಲಿ ಸುಮಾರು 1.2 ಲಕ್ಷ ಕೋಟಿ ಪಿಂಚಣಿಗೇ ಹೋಗುತ್ತಿತ್ತು.

2020ರ ಮೇ ತಿಂಗಳಲ್ಲಿ ಸೇನೆ ‘ಟೂರ್ ಆಫ್ ಡ್ಯೂಟಿ’ ಎಂಬ ಪ್ರಸ್ತಾವ ಮುಂದಿಟ್ಟಿತು: ಓದಿದ ತರುಣರು ಮೂರು ವರ್ಷ ಸೇನೆಯಲ್ಲಿದ್ದು ಮತ್ತೆ ತಮ್ಮ ವೃತ್ತಿಗೆ ಮರಳುವುದು. ಪದವೀಧರರನ್ನೂ ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ ಆ ಯೋಚನೆ 2022ರ ಜೂನ್ 14ರಂದು ಅಗ್ನಿಪಥವಾಗಿ ಹೊರಬಂದಾಗ ರೂಪವೇ ಬದಲಾಗಿತ್ತು. ಹದಿನೇಳೂವರೆಯಿಂದ ಇಪ್ಪತ್ತೊಂದರ ವಯಸ್ಸು, ನಾಲ್ಕು ವರ್ಷ, ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಮಾತ್ರ ಉಳಿಸಿಕೊಳ್ಳುವುದು, ಹೊರಡುವಾಗ ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ. ಯೋಜನೆಯ ವಿರುದ್ಧ ಪ್ರತಿಭಟನೆ ಎದ್ದು ಬಿಹಾರದಲ್ಲಿ ರೈಲು ಬೋಗಿಗಳು ಹೊತ್ತಿ ಉರಿದವು, ಸಿಕಂದರಾಬಾದ್ ನಿಲ್ದಾಣದಲ್ಲಿ ಒಂದು ಜೀವ ಹೋಯಿತು. 2023ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು.

ಪದವಿ ಮುಗಿಸಿದವನಿಗೆ ಈ ಬಾಗಿಲು ಬಹುಪಾಲು ಮುಚ್ಚಿದಂತೆಯೇ. ಡಿಗ್ರಿ ಕೈಗೆ ಬರುವಾಗ ಇಪ್ಪತ್ತೊಂದು ತುಂಬಿರುತ್ತದೆ. ಆದರೂ ಅವನಿಗೆ ಇದು ಸಂಬಂಧವಿಲ್ಲದ ವಿಷಯವಲ್ಲ. ಸಿಪಾಯಿಯ ಸೇವೆಯೇ ನಾಲ್ಕು ವರ್ಷಕ್ಕೆ ಇಳಿದ ಮೇಲೆ ಅಧಿಕಾರಿಯ ಅಲ್ಪಾವಧಿಗೆ ಪಿಂಚಣಿ ಕೇಳುವ ದನಿ ಇನ್ನಷ್ಟು ಕ್ಷೀಣವಾಗುತ್ತದೆ. ಕಾರ್ಗಿಲ್ ಸಮಿತಿ ಹೇಳಿದ್ದರಲ್ಲಿ ಸೇವೆಯನ್ನು ಮೊಟಕುಗೊಳಿಸುವ ಅರ್ಧವನ್ನು ಬೇಗ ಎತ್ತಿಕೊಂಡೆವು, ಬೇರೆ ಪಡೆಗೆ ಸೇರಿಸಿಕೊಳ್ಳುವ ಅರ್ಧವನ್ನು ಅರೆಸೇನಾ ಪಡೆಗಳಲ್ಲಿ ಶೇ 10ರ ಮೀಸಲಿನಿಂದ ಶುರುಮಾಡಿದೆವು. ಅಲ್ಪಾವಧಿ ಸೇವೆ ತಪ್ಪೆಂದು ನಾನು ಹೇಳುವುದಿಲ್ಲ. ವಾಪಸು ಬರುವ ದಾರಿಯನ್ನು ಕರೆಯುವ ದಿನವೇ ಬರೆದು ಕೊಡದಿರುವುದು ತಪ್ಪು.

ಬಾಗಿಲು ಯಾರಿಗೆ ತೆರೆದಿದೆ

ಎಷ್ಟು ಕಾಲ ಎಂಬುದಕ್ಕಿಂತ ಯಾರು ಎಂಬುದು ಮುಖ್ಯ ಎನ್ನುವವರು ನಾಲ್ಕನೆಯ ಪಂಥ. ಇವರ ವಾದಕ್ಕೆ ಹೆಚ್ಚು ಬಲ ಬಂದದ್ದು ನ್ಯಾಯಾಲಯಗಳಲ್ಲಿ. 1992ರಲ್ಲಿ ವೈದ್ಯಕೀಯದ ಆಚೆಗೂ ಹೆಣ್ಣುಮಕ್ಕಳನ್ನು ಅಧಿಕಾರಿಗಳಾಗಿ ತೆಗೆದುಕೊಂಡಾಗ ಅದು ಅಲ್ಪಾವಧಿಗೆ ಮಾತ್ರ. ಜೊತೆಗೆ ಬಂದ ಗಂಡಸರು ಕಾಯಂ ಆಗುತ್ತಿದ್ದರು, ಇವರು ಹದಿನಾಲ್ಕು ವರ್ಷ ದುಡಿದು ಹೊರಡುತ್ತಿದ್ದರು. ಬಬಿತಾ ಪುನಿಯಾ ಪ್ರಕರಣದಲ್ಲಿ 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಹೆಣ್ಣುಮಕ್ಕಳಿಗೂ ಕಾಯಂ ಕಮಿಷನ್ ಕೊಡಬೇಕೆಂದು ತೀರ್ಪಿತ್ತಿತು. ದೇಹಬಲ, ತಾಯ್ತನ, ಸಿಪಾಯಿಗಳ ಹಳ್ಳಿಯ ಮನಸ್ಸು ಎಂದು ಸರ್ಕಾರ ಕೊಟ್ಟ ಕಾರಣಗಳನ್ನು ನ್ಯಾಯಾಲಯ ಒಪ್ಪಲಿಲ್ಲ. ಮರು ತಿಂಗಳೇ ಆ್ಯನಿ ನಾಗರಾಜ ಪ್ರಕರಣದಲ್ಲಿ ನೌಕಾಪಡೆಗೂ ಅದೇ ತೀರ್ಪು. 2025ರ ಮೇ ತಿಂಗಳಲ್ಲಿ ಎನ್‌ಡಿಎಯ ಮೊದಲ 17 ಹೆಣ್ಣುಮಕ್ಕಳು ಹೊರಬಂದರು. ವಾಯುಪಡೆ 2016ರಲ್ಲೇ ಮೂವರನ್ನು ಯುದ್ಧವಿಮಾನಕ್ಕೆ ಕೂರಿಸಿತ್ತು, ಫಿರಂಗಿ ದಳ 2023ರಲ್ಲಿ ಬಾಗಿಲು ತೆರೆಯಿತು. ಈ ಯಾವ ಹೆಜ್ಜೆಯಿಂದಲೂ ಸೇನೆ ಕುಗ್ಗಿಲ್ಲ.

ಭಾಷೆಯ ವಿಷಯದಲ್ಲಿ ಇಂಥ ತೀರ್ಪು ಯಾವುದೂ ಬಂದಿಲ್ಲ. ಅರೆಸೇನಾ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲೂ ನಡೆಯುತ್ತಿದೆ. ಅಗ್ನಿಪಥದಡಿ ಸೇರುವ ಅಗ್ನಿವೀರರ ಲಿಖಿತ ಪರೀಕ್ಷೆ 2025ರಲ್ಲಿ ಕನ್ನಡವೂ ಸೇರಿ 13 ಭಾಷೆಗಳಿಗೆ ಬಂತು. ಸಿಡಿಎಸ್‌ನ ಗಣಿತ, ಸಾಮಾನ್ಯ ಜ್ಞಾನದ ಪತ್ರಿಕೆಗಳು ಇವತ್ತಿಗೂ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ. ಸಿಪಾಯಿಯಾಗಲು ಕನ್ನಡ ಸಾಕು, ಅಧಿಕಾರಿಯಾಗಲು ಸಾಲದು ಎಂದಂತಾಯಿತು. ಆದೇಶ, ಸಂಕೇತಗಳಿಗೆ ಒಂದು ಸಾಮಾನ್ಯ ಭಾಷೆ ಬೇಕೆಂಬುದು ಸರಿಯಾದ ಮಾತು. ಅದನ್ನು ಅಕಾಡೆಮಿಯ ತರಬೇತಿಯಲ್ಲಿ ಕಲಿಸಬಹುದು. ತ್ರಿಕೋನಮಿತಿಯ ಲೆಕ್ಕ ಬಿಡಿಸಲು ಅದೇಕೆ ಬೇಕು?

ಇನ್ನೂ ಬಗೆಹರಿಯದ್ದು

2023ರ ಜನವರಿಯಲ್ಲಿ ಸೇನಾ ತರಬೇತಿ ಕೇಂದ್ರಗಳಿಗೆ ಬಂದ ಮೊದಲ ಅಗ್ನಿವೀರರ ನಾಲ್ಕು ವರ್ಷ ಮುಗಿಯುವುದು 2026–27ರ ಗಡಿಯಲ್ಲಿ. ಉಳಿಸಿಕೊಳ್ಳುವ ಪ್ರಮಾಣ ಶೇ 25ರಲ್ಲೇ ನಿಲ್ಲಬೇಕೇ ಎಂಬ ಚರ್ಚೆ ಮುಗಿದಿಲ್ಲ. ಶಾರ್ಟ್ ಸರ್ವಿಸ್ ಅಧಿಕಾರಿಗಳಿಗೆ ಕಡಿಮೆ ಮೊತ್ತದ್ದಾದರೂ ಒಂದು ಪಿಂಚಣಿ ಕೊಡಬೇಕೇ, ಅರವತ್ತರ ದಶಕದ ಹಾಗೆ ನಾಗರಿಕ ಸೇವೆಗಳಲ್ಲಿ ಸ್ಥಾನ ಇಡಬೇಕೇ ಎಂಬುದಕ್ಕೂ ಉತ್ತರವಿಲ್ಲ; ಈಗ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಅವರಿಗೆ ಸಿಗುವುದು ಐದು ವರ್ಷದ ವಯೋಮಿತಿ ಸಡಿಲಿಕೆ. ಪದಾತಿದಳ, ಟ್ಯಾಂಕ್ ದಳಗಳು ಹೆಣ್ಣುಮಕ್ಕಳಿಗೆ ಯಾವಾಗ ತೆರೆಯುತ್ತವೆ ಎಂಬುದೂ ಹಾಗೆಯೇ ಉಳಿದಿದೆ.

ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗಿರುವುದು ಅಕಾಡೆಮಿಯ ತರಬೇತಿಯಲ್ಲೇ ಬೆನ್ನುಮೂಳೆ ಮುರಿದುಕೊಂಡು, ತಲೆಗೆ ಪೆಟ್ಟು ಬಿದ್ದು ಹೊರಬಿದ್ದವರ ಪಾಡು. ಕಮಿಷನ್ ಆಗುವ ಮೊದಲೇ ಗಾಯಗೊಂಡದ್ದರಿಂದ ಅವರು ಮಾಜಿ ಸೈನಿಕರ ಲೆಕ್ಕಕ್ಕೆ ಬರಲಿಲ್ಲ. 1985ರಿಂದ ಈಚೆಗೆ ಇಂಥವರು ಸುಮಾರು 500 ಮಂದಿ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು.

ಎಸ್‌ಎಸ್‌ಬಿಗೆ ಹೊರಡುವ ಮುನ್ನ ಅಭ್ಯರ್ಥಿಯೂ ಮನೆಯ ಹಿರಿಯರೂ ಒಂದು ಹಾಳೆಗೆ ಸಹಿ ಹಾಕಬೇಕಾಗುತ್ತದೆ. ಅಲ್ಲಿ ಪೆಟ್ಟಾದರೆ ಪರಿಹಾರ ಕೇಳುವುದಿಲ್ಲ ಎಂಬ ಮುಚ್ಚಳಿಕೆ ಅದು, ಇಂಗ್ಲಿಷಿನಲ್ಲಿರುತ್ತದೆ. ಹೋಗಲು ಮನಸ್ಸು ಮಾಡಿರುವ ತಮ್ಮಂದಿರೇ, ತಂಗಿಯರೇ, ಧೈರ್ಯವಾಗಿ ಹೋಗಿ. ಹೊರಡುವ ಮೊದಲು ಆ ಹಾಳೆಯನ್ನು ಅಪ್ಪ ಅಮ್ಮನ ಎದುರು ಕೂತು ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ.